ಮಾತ್ರೆ ಶೀಟು ಓದೋಣ, ಬಿಲ್ಲು ಕೇಳೋಣ

ಮಳೆ ಹಿಡಿದರೆ ನೆಗಡಿ. ಚಳಿ ಬಿದ್ದರೆ ನೆಗಡಿ. ಸುಗ್ಗಿಯ ದೂಳಿಗೂ ನೆಗಡಿ. ಮೂಗು ಕಟ್ಟುತ್ತದೆ. ತಲೆ ಭಾರ ಆಗುತ್ತದೆ. ಕೆಲಸ ಬಿಟ್ಟು ಮಲಗುವ ಹಾಗಿಲ್ಲ. ಆಗ ನಾವು ಏನು ಮಾಡುತ್ತೇವೆ? ಔಷಧಿ ಅಂಗಡಿಗೆ ಹೋಗುತ್ತೇವೆ. "ನೆಗಡಿ ಮಾತ್ರೆ ಎರಡು ಕೊಡಿ" ಅನ್ನುತ್ತೇವೆ. ಅಂಗಡಿಯವರು ಕತ್ತರಿಸಿ ಕೊಡುತ್ತಾರೆ. ದುಡ್ಡು ಕೊಟ್ಟು ಬರುತ್ತೇವೆ.

ಕೊಟ್ಟದ್ದು ಯಾವ ಮಾತ್ರೆ? ಅದರೊಳಗೆ ಏನಿದೆ? ಯಾವ ತಿಂಗಳವರೆಗೆ ಬಳಸಬಹುದು? ಬೆಲೆ ಎಷ್ಟು? ನಾವು ಕೇಳುವುದಿಲ್ಲ. ನೋಡುವುದೂ ಇಲ್ಲ.

ಅಕ್ಕಿ ಕೊಳ್ಳುವಾಗ ಕಲ್ಲು ಇದೆಯೇ ಎಂದು ನೋಡುತ್ತೇವೆ. ಬದನೆಕಾಯಿ ಕೊಳ್ಳುವಾಗ ಹುಳು ಇದೆಯೇ ಎಂದು ತಿರುಗಿಸಿ ನೋಡುತ್ತೇವೆ. ಮಾತ್ರೆಯನ್ನು ಮುಟ್ಟಿ ನೋಡಿದರೆ ಏನೂ ಗೊತ್ತಾಗದು. ಅದನ್ನು ಓದಿಯೇ ತಿಳಿಯಬೇಕು. ಈಗ ನಮಗೆ ಓದಲು ಬರುತ್ತದೆ. ಹಾಗಾದರೆ ಓದೋಣ ಬನ್ನಿ.

ಶೀಟು ಎಂದರೆ ಏನು?

ಮಾತ್ರೆ ಅನ್ನಿ, ಗುಳಿಗೆ ಅನ್ನಿ, ಎರಡೂ ಒಂದೇ. ಹತ್ತು ಹದಿನೈದು ಮಾತ್ರೆಗಳನ್ನು ಸಾಲಾಗಿ ಜೋಡಿಸಿ, ಹೊಳೆಯುವ ತಗಡಿನಂಥ ಹಾಳೆಯಲ್ಲಿ ಮುಚ್ಚಿರುತ್ತಾರೆ. ಇದಕ್ಕೆ ಶೀಟು ಅನ್ನುತ್ತೇವೆ. ಅಂಗಡಿಯವರು ಸ್ಟ್ರಿಪ್ ಅನ್ನುತ್ತಾರೆ.

ಶೀಟಿನ ಹಿಂಬದಿ ತಿರುಗಿಸಿ. ಸಣ್ಣ ಸಣ್ಣ ಅಕ್ಷರ ಕಾಣುತ್ತವೆ. ಹೆಚ್ಚಿನವು ಇಂಗ್ಲಿಷ್ ಅಕ್ಷರ. "ಅಯ್ಯೋ, ಇದು ನಮಗೆ ಬಾರದು" ಎಂದು ಬಿಡಬೇಡಿ. ಅಂಕಿಗಳನ್ನು ನೀವು ಓದಬಲ್ಲಿರಿ. ಬಸ್ಸಿನ ನಂಬರ್ ಓದುತ್ತೀರಿ. ಫೋನಿನ ನಂಬರ್ ಓದುತ್ತೀರಿ. ಶೀಟಿನ ಮೇಲೂ ಅವೇ ಅಂಕಿಗಳು.

೧ ೨ ೩ ೪ ೫ ೬ ೭ ೮ ೯ ೦
1 2 3 4 5 6 7 8 9 0

ಅಂಕಿ ಬಂದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಕೆಲವು ಗುರುತು ಸಾಕು.

ಎರಡು ಹೆಸರು

ಪ್ರತಿ ಮಾತ್ರೆಗೆ ಎರಡು ಹೆಸರು ಇರುತ್ತವೆ. ಒಂದು ಕಂಪನಿ ಇಟ್ಟ ಹೆಸರು. ಇದನ್ನು ದೊಡ್ಡ ಅಕ್ಷರದಲ್ಲಿ ಬಣ್ಣ ಹಾಕಿ ಬರೆದಿರುತ್ತಾರೆ. ಟಿ.ವಿ.ಯಲ್ಲಿ ಬರುವುದು ಈ ಹೆಸರು. ನಾವು ಅಂಗಡಿಯಲ್ಲಿ ಕೇಳುವುದೂ ಇದೇ.

ಇನ್ನೊಂದು ಒಳಗಿರುವ ಮದ್ದಿನ ಹೆಸರು. ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದರ ಮುಂದೆ ಒಂದು ಅಂಕಿ ಇರುತ್ತದೆ. ಆ ಅಂಕಿ ಮದ್ದಿನ ತೂಕ. ತೂಕವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರಾಂ ಎಂದರೆ 1000 ಮಿಲಿಗ್ರಾಂ.

ಮೂಗು ಕಟ್ಟಿದಾಗ ಕೊಡುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಮೂರು ಮದ್ದು ಸೇರಿರುತ್ತವೆ. ಬಿಡಿಸಿ ಓದಿ.

ಪ್ಯಾ-ರಾ-ಸಿ-ಟ-ಮಾಲ್. ಇದು ಜ್ವರ, ಮೈಕೈ ನೋವಿಗೆ. ಅದರ ಮುಂದೆ 500 ಅಥವಾ 325 ಎಂದು ಇರುತ್ತದೆ.

ಫೆ-ನೈ-ಲೆ-ಫ್ರಿನ್. ಇದು ಕಟ್ಟಿದ ಮೂಗು ಬಿಡಿಸಲು. ಮುಂದೆ 5 ಅಥವಾ 10 ಎಂದು ಇರುತ್ತದೆ.

ಕ್ಲೋರ್-ಫೆ-ನಿ-ರ-ಮಿನ್. ಇದು ಸೀನು, ಮೂಗು ಸೋರುವುದಕ್ಕೆ. ಮುಂದೆ 2 ಅಥವಾ 4 ಎಂದು ಇರುತ್ತದೆ.

ಈ ಮೂರು ಹೆಸರು ತಿಳಿದರೆ ಏನು ಲಾಭ? ನೋಡಿ.

ಪ್ಯಾರಾಸಿಟಮಾಲ್ ಜ್ವರದ ಮಾತ್ರೆಯಲ್ಲೂ ಇದೆ, ನೆಗಡಿ ಮಾತ್ರೆಯಲ್ಲೂ ಇದೆ. ಜ್ವರ ಅಂತ ಒಂದು, ನೆಗಡಿ ಅಂತ ಒಂದು ನುಂಗಿದರೆ ಏನಾಯಿತು? 500 ಮತ್ತು 500 ಸೇರಿ 1000 ಆಯಿತು. ಹೀಗೇ ದಿನವಿಡೀ ಎರಡೆರಡು ಕಡೆಯಿಂದ ನುಂಗಿದರೆ ಮಿತಿ ಮೀರುತ್ತದೆ. ಮಿತಿ ಮೀರಿದ ಪ್ಯಾರಾಸಿಟಮಾಲ್ ಲಿವರನ್ನು ಕೆಡಿಸುತ್ತದೆ. ಕುಡಿಯುವ ಅಭ್ಯಾಸ ಇದ್ದವರಿಗೆ ಈ ಅಪಾಯ ಇನ್ನೂ ಹೆಚ್ಚು.

ಫೆನೈಲೆಫ್ರಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಊದಿಕೊಂಡ ಮೂಗಿನೊಳಗಿನ ಊತ ಇಳಿಸಲೆಂದೇ ಇದನ್ನು ಹಾಕಿರುತ್ತಾರೆ. ಆದರೆ ಇದು ಬಿ.ಪಿ. ಏರಿಸಬಹುದು. ಆದ್ದರಿಂದ ಬಿ.ಪಿ., ಹೃದಯದ ಕಾಯಿಲೆ, ಥೈರಾಯ್ಡ್ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ನುಂಗಬಾರದು.

ಕ್ಲೋರ್‌ಫೆನಿರಮಿನ್ ನಿದ್ದೆ ತರಿಸುತ್ತದೆ. ನುಂಗಿ ಟ್ರ್ಯಾಕ್ಟರ್ ಹತ್ತಬಾರದು. ಬೈಕು ಓಡಿಸಬಾರದು. ಹಿಟ್ಟಿನ ಗಿರಣಿ, ಕಬ್ಬಿನ ಗಾಣದ ಮುಂದೆ ನಿಲ್ಲಬಾರದು. ಇದರ ಜೊತೆ ಹೆಂಡ ಸಾರಾಯಿ ಕುಡಿಯಲೇಬಾರದು.

ಫೆನೈಲೆಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್ ಸೇರಿದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ಅಧಿಕಾರಿಗಳು ಈ ಎಚ್ಚರಿಕೆಯನ್ನು ಔಷಧಿಯ ಮೇಲೆ ಅಚ್ಚು ಹಾಕಬೇಕೆಂದು ಹೇಳಿದರು. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ರೂಢಿ ಕೆಲವರಲ್ಲಿ ಇದೆ. ಅದನ್ನು ಬಿಡಬೇಕು.

ಹೆಸರು ಅದೇ, ಮದ್ದು ಬೇರೆ

"ಹೆಸರು ಗೊತ್ತಲ್ಲ, ಇನ್ನೇನು ನೋಡೋದು?" ಎಂದು ನೀವು ಕೇಳಬಹುದು. ಒಂದು ನಡೆದ ಸಂಗತಿ ಕೇಳಿ.

ಹಿಂದೆ ನೆಗಡಿ ಮಾತ್ರೆಗಳಲ್ಲಿ ಫೆನೈಲ್ ಪ್ರೊಪನಾಲಮಿನ್ ಎಂಬ ಮದ್ದು ಹಾಕುತ್ತಿದ್ದರು. ಇದರಿಂದ ಮಿದುಳಿನಲ್ಲಿ ರಕ್ತ ಸೋರುವ ಅಪಾಯ ಇದೆ ಎಂದು ಅಮೆರಿಕದಲ್ಲಿ 2000ದಲ್ಲಿ ಎಚ್ಚರಿಕೆ ಕೊಟ್ಟರು. ನಮ್ಮ ಕೇಂದ್ರ ಸರ್ಕಾರ 2011ರ ಫೆಬ್ರವರಿಯಲ್ಲಿ ಇದರ ನಿಷೇಧದ ಆದೇಶ ಹೊರಡಿಸಿತು. ಆಮೇಲೆ ಕೆಲವು ಹೆಸರಾದ ಮಾತ್ರೆಗಳು ಹಳೇ ಹೆಸರಿನಲ್ಲೇ ಅಂಗಡಿಗೆ ಬಂದವು. ಒಳಗಿನ ಮದ್ದು ಮಾತ್ರ ಬದಲಾಗಿತ್ತು. ಆ ಮದ್ದಿನ ಜಾಗಕ್ಕೆ ಫೆನೈಲೆಫ್ರಿನ್ ಬಂದಿತ್ತು.

ಹೊರಗಿನ ಹೆಸರು ಅಂಗಿಯ ಹಾಗೆ. ಅಂಗಿ ನೋಡಿ ಆಳು ಯಾರೆಂದು ಹೇಳಲಾಗದು. ಒಳಗಿನ ಮದ್ದಿನ ಹೆಸರೇ ಅದರ ನಿಜವಾದ ಹೆಸರು.

ಇನ್ನೊಂದು ಮಾತು. ಮದ್ದು ಒಂದೇ, ತೂಕವೂ ಒಂದೇ, ಬೆಲೆ ಮಾತ್ರ ಬೇರೆ ಬೇರೆ ಇರಬಹುದು. ಸರ್ಕಾರದ ಜನೌಷಧಿ ಕೇಂದ್ರಗಳಲ್ಲಿ ಔಷಧಿಯನ್ನು ಮದ್ದಿನ ಹೆಸರಲ್ಲೇ ಕಡಿಮೆ ಬೆಲೆಗೆ ಮಾರುತ್ತಾರೆ. ಮದ್ದಿನ ಹೆಸರು ತಿಳಿದವರಿಗೆ ದುಡ್ಡೂ ಉಳಿಯುತ್ತದೆ.

ಕೆಂಪು ಗೆರೆ

ಶೀಟಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇದೆಯೇ ನೋಡಿ. ಇದ್ದರೆ ಅದನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು, ಕೊಳ್ಳಬಾರದು. ನೆಗಡಿಗೆ ಕೊಡುವ ಮಾತ್ರೆಗಳಲ್ಲೂ ಕೆಲವಕ್ಕೆ ಈ ಗೆರೆ ಇರಬಹುದು. ಇದನ್ನು ತಿಳಿಯಲು ಒಂದು ಅಕ್ಷರವೂ ಬೇಡ. ಬಣ್ಣ ಕಂಡರೆ ಸಾಕು.

ನಾಲ್ಕು ಗುರುತು

ಶೀಟಿನ ಒಂದು ತುದಿಯಲ್ಲಿ, ಉಬ್ಬು ಅಚ್ಚಿನಲ್ಲೋ ಕಪ್ಪು ಶಾಯಿಯಲ್ಲೋ ನಾಲ್ಕು ಸಾಲು ಇರುತ್ತವೆ. ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿ.

ಒಂದು, ಬ್ಯಾಚ್ ನಂಬರ್. ಒಂದೇ ಸಲಕ್ಕೆ ತಯಾರಾದ ಮಾತ್ರೆಗಳಿಗೆಲ್ಲ ಒಂದೇ ನಂಬರ್ ಕೊಡುತ್ತಾರೆ. ಒಂದೇ ಹಂಡೆಯಲ್ಲಿ ಬೆಂದ ಅನ್ನ ಇದ್ದ ಹಾಗೆ. ಈ ಸಾಲು "ಬಿ" ಎಂಬ ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತದೆ. ನೆಟ್ಟಗೆ ಒಂದು ಗೆರೆ, ಅದಕ್ಕೆ ಅಂಟಿದ ಎರಡು ಹೊಟ್ಟೆ. ಅದೇ "ಬಿ".

ಎರಡು, ತಯಾರಿಸಿದ ತಿಂಗಳು, ವರ್ಷ. ಇದು "ಎಂ" ಅಕ್ಷರದಿಂದ ಶುರು. ಎರಡು ಗುಡ್ಡ ಅಕ್ಕಪಕ್ಕ ನಿಂತ ಹಾಗೆ ಕಾಣುತ್ತದೆ. ಮುಂದೆ 09/2025 ಎಂದು ಇದ್ದರೆ, 2025ರ ಸೆಪ್ಟೆಂಬರ್‌ನಲ್ಲಿ ತಯಾರಾಯಿತು ಎಂದು ಅರ್ಥ.

ಮೂರು, ಅವಧಿ ಮುಗಿಯುವ ತಿಂಗಳು, ವರ್ಷ. ಇದೇ ಬಹಳ ಮುಖ್ಯ. ಮೊದಲ ಅಕ್ಷರ ಮೂರು ಹಲ್ಲಿನ ಬಾಚಣಿಗೆಯ ಹಾಗೆ. ಎರಡನೆಯದು ಲೆಕ್ಕದಲ್ಲಿ ಗುಣಿಸುವ ಗುರುತಿನ ಹಾಗೆ. ಬಾಚಣಿಗೆ, ಗುಣಿಸು. ಇಷ್ಟು ನೆನಪಿಟ್ಟರೆ ಸಾಕು. ಮುಂದೆ 08/2027 ಎಂದು ಇದ್ದರೆ, 2027ರ ಆಗಸ್ಟ್ ಕೊನೆಯ ದಿನದವರೆಗೆ ಬಳಸಬಹುದು. ಸೆಪ್ಟೆಂಬರ್ 1 ಬಂದರೆ ಬಳಸಬಾರದು.

ನಾಲ್ಕು, ಬೆಲೆ. ಇದೂ "ಎಂ" ಅಕ್ಷರದಿಂದಲೇ ಶುರುವಾಗುತ್ತದೆ. ಆದರೆ ಇಲ್ಲಿ ₹ ಗುರುತು ಇರುತ್ತದೆ. ಪೈಸೆಗೆ ಒಂದು ಚುಕ್ಕಿ ಇರುತ್ತದೆ. ಇದಕ್ಕೆ ಎಂ.ಆರ್.ಪಿ. ಅನ್ನುತ್ತಾರೆ. ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಎಲ್ಲ ತೆರಿಗೆಯೂ ಇದರಲ್ಲೇ ಸೇರಿದೆ. "ಜಿ.ಎಸ್.ಟಿ. ಬೇರೆ ಕೊಡಿ" ಎಂದು ಮೇಲೆ ಕೇಳುವಂತಿಲ್ಲ.

ಕೆಲವು ಶೀಟಿನಲ್ಲಿ ತಿಂಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ಆಗ ವರ್ಷದ ಅಂಕಿ ನೋಡಿ. ವರ್ಷ ಇದೇ ಆಗಿದ್ದರೆ "ಯಾವ ತಿಂಗಳು?" ಎಂದು ಕೇಳಿ ತಿಳಿಯಿರಿ.

ಕತ್ತರಿ ಎಲ್ಲಿ ಬೀಳಬೇಕು?

ನಾವು ಇಡೀ ಶೀಟು ಕೊಳ್ಳುವುದು ಕಡಿಮೆ. ಎರಡೋ ನಾಲ್ಕೋ ಬಿಡಿ ಮಾತ್ರೆ ಕೊಳ್ಳುತ್ತೇವೆ. ಆದರೆ ನಾಲ್ಕು ಸಾಲಿನ ಗುರುತು ಶೀಟಿನ ಒಂದೇ ತುದಿಯಲ್ಲಿ ಇರುತ್ತದೆ. ಅಂಗಡಿಯವರು ಇನ್ನೊಂದು ತುದಿಯಿಂದ ಕತ್ತರಿಸುತ್ತಾರೆ. ಅದು ತಪ್ಪಲ್ಲ. ಉಳಿದ ಮಾತ್ರೆಗಳ ತಾರೀಖು ಅಂಗಡಿಯಲ್ಲಿ ಉಳಿಯಬೇಕಲ್ಲ.

ಹಾಗಾದರೆ ನಮ್ಮ ಕೈಗೆ ಬಂದ ತುಂಡಿನಲ್ಲಿ ತಾರೀಖು ಇಲ್ಲ. ಬ್ಯಾಚ್ ನಂಬರ್ ಇಲ್ಲ. ಬೆಲೆಯೂ ಇಲ್ಲ. ಆಗ ಎರಡು ಕೆಲಸ ಮಾಡಬೇಕು. ಕತ್ತರಿಸುವ ಮೊದಲು ಇಡೀ ಶೀಟು ಇಸಿದುಕೊಂಡು ನೋಡಬೇಕು. ಕತ್ತರಿಸಿದ ಮೇಲೆ ಬಿಲ್ಲು ಕೇಳಬೇಕು. ತುಂಡಿನಲ್ಲಿ ಇಲ್ಲದ್ದು ಬಿಲ್ಲಿನಲ್ಲಿ ಇರುತ್ತದೆ.

ಅಂಗಡಿಯಲ್ಲಿ

ಗ್ರಾಹಕಿ: ಅಣ್ಣ, ಮೂಗು ಕಟ್ಟೈತೆ. ನೆಗಡಿ ಮಾತ್ರೆ ನಾಲ್ಕು ಕೊಡಿ.

ಅಂಗಡಿಯವರು: ಯಾರಿಗಮ್ಮ? ದೊಡ್ಡೋರಿಗಾ, ಮಕ್ಕಳಿಗಾ?

ಗ್ರಾಹಕಿ: ನನಗೇ. ಬಿ.ಪಿ. ಗಿ.ಪಿ. ಏನಿಲ್ಲ. ಕತ್ತರಿಸೋಕೆ ಮುಂಚೆ ಶೀಟು ಒಂಚೂರು ಕೊಡಿ, ನೋಡ್ತೀನಿ.

ಅಂಗಡಿಯವರು: ಅದರಲ್ಲಿ ಎಲ್ಲ ಇಂಗ್ಲಿಷ್ ಐತಲ್ಲಮ್ಮ.

ಗ್ರಾಹಕಿ: ಅಂಕಿ ಬರುತ್ತಣ್ಣ. ಇಲ್ಲಿ ಬಾಚಣಿಗೆ, ಗುಣಿಸು. ಮುಂದೆ ಎಂಟು, ಎರಡು ಸಾವಿರದ ಇಪ್ಪತ್ತೇಳು. ಸರಿ, ಅವಧಿ ಇನ್ನೂ ಐತೆ. ಬೆಲೆ ನಲವತ್ತು. ಶೀಟಿಗೆ ಎಷ್ಟು ಮಾತ್ರೆ?

ಅಂಗಡಿಯವರು: ಹತ್ತು.

ಗ್ರಾಹಕಿ: ಹಂಗಾದ್ರೆ ಒಂದಕ್ಕೆ ನಾಲ್ಕು ರೂಪಾಯಿ. ನಾಲ್ಕಕ್ಕೆ ಹದಿನಾರು. ತಗೊಳ್ಳಿ ಇಪ್ಪತ್ತು. ಬಿಲ್ಲು ಕೊಡಿ.

ಅಂಗಡಿಯವರು: ಹದಿನಾರು ರೂಪಾಯಿಗೂ ಬಿಲ್ಲಾ?

ಗ್ರಾಹಕಿ: ದುಡ್ಡಿಗಲ್ಲಣ್ಣ, ಮೈಗೆ. ನಾಳೆ ಏನಾದ್ರೂ ಆದ್ರೆ ಡಾಕ್ಟರಿಗೆ ಯಾವ ಮಾತ್ರೆ ಅಂತ ತೋರಿಸೋದು?

ಅಂಗಡಿಯವರು: ಅದೂ ನಿಜ ಬಿಡಿ. ತಗೊಳ್ಳಿ ಬಿಲ್ಲು, ತಗೊಳ್ಳಿ ಚಿಲ್ಲರೆ. ನಿದ್ದೆ ಬರುತ್ತೆ, ರಾತ್ರಿ ಊಟ ಆದ್ಮೇಲೆ ನುಂಗಿ. ಬೇರೆ ಜ್ವರದ ಮಾತ್ರೆ ಜೊತೆಗೆ ತಗೋಬೇಡಿ.

ಬಿಲ್ಲಿನಲ್ಲಿ ಏನೇನು ನೋಡಬೇಕು?

ಔಷಧಿ ಅಂಗಡಿಯ ಬಿಲ್ಲಿನಲ್ಲಿ ಇವು ಇರಬೇಕು.

ಅಂಗಡಿಯ ಹೆಸರು, ಊರು, ಲೈಸೆನ್ಸ್ ನಂಬರ್.
ಬಿಲ್ಲಿನ ನಂಬರ್, ತಾರೀಖು.
ಮಾತ್ರೆಯ ಹೆಸರು, ಎಷ್ಟು ಮಾತ್ರೆ.
ಬ್ಯಾಚ್ ನಂಬರ್.
ಅವಧಿ ಮುಗಿಯುವ ತಿಂಗಳು, ವರ್ಷ.
ಬೆಲೆ.
ಅಂಗಡಿಯ ಫಾರ್ಮಸಿಸ್ಟ್ ರುಜು. ಫಾರ್ಮಸಿಸ್ಟ್ ಎಂದರೆ ಔಷಧಿ ಕೊಡುವ ವಿದ್ಯೆ ಕಲಿತು ಹೆಸರು ನೋಂದಾಯಿಸಿದವರು.

ಈಗ ಶೀಟಿಗೂ ಬಿಲ್ಲಿಗೂ ತಾಳೆ ನೋಡಬೇಕು. ಶೀಟಿನ ಬ್ಯಾಚ್ ನಂಬರೇ ಬಿಲ್ಲಿನಲ್ಲೂ ಇರಬೇಕು. ಶೀಟಿನ ತಾರೀಖೇ ಬಿಲ್ಲಿನಲ್ಲೂ ಇರಬೇಕು. ಎರಡೂ ಒಂದಾದರೆ ಬಿಲ್ಲು ಸರಿ. ಬೇರೆಯಾದರೆ "ಇದು ಈ ಮಾತ್ರೆಯ ಬಿಲ್ಲಲ್ಲ, ಸರಿಮಾಡಿ ಕೊಡಿ" ಎಂದು ಅಲ್ಲೇ ಕೇಳಿ.

ಒಂದು ಎಚ್ಚರ. ಕೆಲವು ಬಿಲ್ಲಿನಲ್ಲಿ 3004 ಎಂದು ಶುರುವಾಗುವ ಅಂಕಿ ಇರುತ್ತದೆ. ಅದು ತೆರಿಗೆ ಲೆಕ್ಕದ ಅಂಕಿ. ಎಲ್ಲ ಮಾತ್ರೆಗಳ ಮುಂದೆಯೂ ಅದೇ ಇರಬಹುದು. ಅದನ್ನೇ ಬ್ಯಾಚ್ ನಂಬರ್ ಎಂದು ತಿಳಿಯಬೇಡಿ.

ಸಣ್ಣ ಮೊತ್ತಕ್ಕೆ ಅಂಗಡಿಯವರು ತಾವಾಗಿ ಬಿಲ್ಲು ಕೊಡದೆ ಇರಬಹುದು. ಆದರೆ ಕೇಳಿದರೆ ಕೊಡಬೇಕು. ಗ್ರಾಹಕರ ರಕ್ಷಣೆಗೆ 2019ರಲ್ಲಿ ಆದ ಕಾಯ್ದೆಯಲ್ಲಿ, ಮಾರಿದ ವಸ್ತುವಿಗೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಎಂದು ಬರೆದಿದೆ. ಬಿಲ್ಲು ಕೇಳುವುದು ಜಗಳವಲ್ಲ. ಅದು ನಮ್ಮ ಹಕ್ಕು.

ಬ್ಯಾಚ್ ನಂಬರ್ ಯಾತಕ್ಕೆ?

2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳು. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆ. ಸಣ್ಣ ಮಕ್ಕಳಿಗೆ ನೆಗಡಿ, ಕೆಮ್ಮು ಬಂತು. ಅವರಿಗೆ ಕೋಲ್ಡ್ರಿಫ್ ಎಂಬ ಸಿರಪ್ ಕುಡಿಸಿದರು. ಮೇಲೆ ನಾವು ಓದಿದ ಮೂರು ಮದ್ದುಗಳೇ ಅದರಲ್ಲೂ ಇದ್ದವು. ಕುಡಿದ ಮಕ್ಕಳಿಗೆ ಉಚ್ಚೆ ನಿಂತಿತು. ಕಿಡ್ನಿ ಕೆಟ್ಟವು. 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು.

ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಅಲ್ಲಿನ ಔಷಧ ಇಲಾಖೆ ಪರೀಕ್ಷೆ ಮಾಡಿತು. ನೂರು ಭಾಗದಲ್ಲಿ 48.6 ಭಾಗ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಇದು ಕಾರ್ಖಾನೆಗಳಲ್ಲಿ ಬಳಸುವ ವಸ್ತು. ಔಷಧಿಯಲ್ಲಿ ಇರಬಾರದ್ದು. ವಿಷ ಸಿಕ್ಕಿದ ಬ್ಯಾಚಿನ ನಂಬರ್ ಎಸ್‌ಆರ್-13. ಸರ್ಕಾರದ ಎಚ್ಚರಿಕೆಯಲ್ಲಿ ಈ ನಂಬರನ್ನೇ ಹೇಳಿದರು.

ಯೋಚಿಸಿ. ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ ಒಂದು ನಂಬರ್ ಬರುತ್ತದೆ. "ಇದನ್ನು ಬಳಸಬೇಡಿ" ಎಂದು ಹೇಳುತ್ತಾರೆ. ನಮ್ಮ ಮನೆಯ ಗೂಡಿನಲ್ಲಿ ಇರುವುದು ಅದೇನಾ? ಶೀಟೋ ಬಾಟಲಿಯೋ ಬಿಲ್ಲೋ ಇದ್ದರೆ ಓದಿ ತಿಳಿಯಬಹುದು. ಯಾವುದೂ ಇಲ್ಲದಿದ್ದರೆ ತಿಳಿಯುವ ದಾರಿಯೇ ಇಲ್ಲ.

ಅದಕ್ಕೇ ಮಾತ್ರೆ ಮುಗಿಯುವವರೆಗೆ ಬಿಲ್ಲನ್ನು ಬಿಸಾಡಬೇಡಿ. ಮಾತ್ರೆಯ ತುಂಡಿಗೆ ಬಿಲ್ಲು ಸುತ್ತಿ ರಬ್ಬರ್ ಹಾಕಿಡಿ. ಮಾತ್ರೆಯನ್ನು ಶೀಟಿನಿಂದ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ. ಡಬ್ಬಿಗೆ ಬಿದ್ದ ಮಾತ್ರೆಗೆ ಹೆಸರೂ ಇಲ್ಲ, ತಾರೀಖೂ ಇಲ್ಲ. ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ತೊಂದರೆ ಆದರೆ ಏನು ಮಾಡಬೇಕು?

ಮಾತ್ರೆ ನುಂಗಿದ ಮೇಲೆ ಮೈ ದದ್ದು, ಮುಖ ಊತ, ಎದೆ ಡವಡವ, ಉಸಿರಾಟಕ್ಕೆ ಕಷ್ಟ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಶೀಟು, ಬಿಲ್ಲು ಎರಡನ್ನೂ ಒಯ್ದು ಡಾಕ್ಟರಿಗೆ ತೋರಿಸಿ. ಆಮೇಲೆ 1800-180-3024 ನಂಬರಿಗೂ ತಿಳಿಸಬಹುದು. ಔಷಧಿಯಿಂದ ಆದ ತೊಂದರೆಯನ್ನು ಬರೆದುಕೊಳ್ಳಲು ಸರ್ಕಾರ ಇಟ್ಟ ನಂಬರ್ ಇದು.

ಅವಧಿ ಮುಗಿದ ಮಾತ್ರೆ ಕೊಟ್ಟರೆ ಔಷಧ ನಿರೀಕ್ಷಕರಿಗೆ ದೂರು ಕೊಡಬಹುದು. ಇವರನ್ನು ಡ್ರಗ್ ಇನ್ಸ್‌ಪೆಕ್ಟರ್ ಅನ್ನುತ್ತಾರೆ. ಹೆಚ್ಚು ಬೆಲೆ ತೆಗೆದುಕೊಂಡರೆ, ಬಿಲ್ಲು ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ದೂರಿಗೆ ಬೇಕಾದ ಮೊದಲ ಸಾಕ್ಷಿ ಬಿಲ್ಲು.

ಇನ್ನೂ ಒಂದು ಮಾತು. ನೆಗಡಿ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಮಾತ್ರೆ ಅದನ್ನು ಓಡಿಸುವುದಿಲ್ಲ, ಕಷ್ಟವನ್ನು ಕೊಂಚ ಕಡಿಮೆ ಮಾಡಬಹುದು ಅಷ್ಟೆ. ಬಿಸಿನೀರು, ಬಿಸಿ ಸಾರು, ವಿಶ್ರಾಂತಿ ಒಳ್ಳೆಯದು. ಮೂರು ದಿನ ಆದರೂ ಜ್ವರ ಇಳಿಯದಿದ್ದರೆ, ಏದುಸಿರು ಬಂದರೆ, ಮಗು ಹಾಲು ಕುಡಿಯದಿದ್ದರೆ ಅಂಗಡಿಗೆ ಹೋಗಬೇಡಿ. ಡಾಕ್ಟರ ಹತ್ತಿರ ಹೋಗಿ.

ನೆನಪಿಡಿ

ಕತ್ತರಿಸುವ ಮೊದಲು ಶೀಟು ನೋಡಿ.
ಒಳಗಿನ ಮದ್ದಿನ ಹೆಸರು ಕೇಳಿ.
ಬಾಚಣಿಗೆ, ಗುಣಿಸು, ತಾರೀಖು ಓದಿ.
ಬಿಲ್ಲು ಕೇಳಿ, ತಾಳೆ ನೋಡಿ, ಜೋಪಾನವಾಗಿ ಇಡಿ.

ಹೊಸ ಪದಗಳು

ಶೀಟು, ಬ್ಯಾಚ್, ಅವಧಿ, ಮಿಲಿಗ್ರಾಂ, ತಾಳೆ, ರುಜು, ಗ್ರಾಹಕಿ, ನಿರೀಕ್ಷಕರು

ಅಭ್ಯಾಸ

1. ಓದಿ ಹೇಳಿ.
ಒಂದು ಶೀಟಿನ ಮೇಲೆ 11/2026 ಎಂದು ಅವಧಿ ಬರೆದಿದೆ. ಯಾವ ತಿಂಗಳ ಕೊನೆಯವರೆಗೆ ಬಳಸಬಹುದು?

2. ಲೆಕ್ಕ ಮಾಡಿ.
15 ಮಾತ್ರೆಯ ಶೀಟಿಗೆ 45 ರೂಪಾಯಿ. ಒಂದು ಮಾತ್ರೆಗೆ ಎಷ್ಟು? ಆರು ಮಾತ್ರೆಗೆ ಎಷ್ಟು?

3. ತಪ್ಪು ಹುಡುಕಿ.
ಶೀಟಿನಲ್ಲಿ: ಬ್ಯಾಚ್ 2147, ಅವಧಿ 08/2027, ಹತ್ತಕ್ಕೆ ₹40.00
ಬಿಲ್ಲಿನಲ್ಲಿ: ಬ್ಯಾಚ್ 2174, ಅವಧಿ 08/2027, ನಾಲ್ಕು ಮಾತ್ರೆ ₹18.00
ಇಲ್ಲಿ ಎರಡು ತಪ್ಪು ಇವೆ. ಯಾವುವು?

4. ಬಿಟ್ಟ ಪದ ತುಂಬಿ.
ಉದ್ದದ ______ ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕು.
ಗ್ರಾಹಕರ ಸಹಾಯವಾಣಿ ನಂಬರ್ ______.

5. ಮಾಡಿ ನೋಡಿ.
ನಿಮ್ಮ ಮನೆಯಲ್ಲಿ ಇರುವ ಮಾತ್ರೆಗಳನ್ನೆಲ್ಲ ಒಂದು ಕಡೆ ಇಡಿ. ಪ್ರತಿಯೊಂದರ ಅವಧಿ ಓದಿ. ಅವಧಿ ಮುಗಿದದ್ದು ಎಷ್ಟು? ತಾರೀಖು ಇಲ್ಲದ ತುಂಡು ಎಷ್ಟು? ಬರೆದು ತಂದು ಮುಂದಿನ ಪಾಠದ ದಿನ ಎಲ್ಲರಿಗೂ ಓದಿ ಹೇಳಿ.